ಬ್ರೆಡ್ ಪಥ್ಯವಲ್ಲ, ಆಲೂಗಡ್ಡೆ ತರಕಾರಿಯಲ್ಲ

ಬಂಧುಗಳಲ್ಲಿ ಯಾರಾದರೂ ಆಸ್ಪತ್ರೆಗೆ ದಾಖಲಾಗಿದ್ದಾರೆಂದು ತಿಳಿದರೆ ನಾವು ಬರಿಗೈಯಲ್ಲಿ ಹೋಗುವುದಿಲ್ಲ. ದಾರಿಯಲ್ಲಿ ಬೇಕರಿಯ ಮುಂದೆ ಗಾಡಿ ನಿಲ್ಲಿಸಿ ಒಂದು ಪೌಂಡ್ ಬ್ರೆಡ್, ಒಂದು ಪ್ಯಾಕೆಟ್ ರಸ್ಕ್, ಜೊತೆಗೆ ನಾಲ್ಕು ಮೂಸಂಬಿ ಕಟ್ಟಿಸಿಕೊಳ್ಳುತ್ತೇವೆ. ಸಂಜೆಯ ಹೊತ್ತಿಗೆ ರೋಗಿಯ ಹಾಸಿಗೆಯ ಪಕ್ಕದ ಪುಟ್ಟ ಕಪಾಟಿನ ಮೇಲೆ ಐದಾರು ಬ್ರೆಡ್ ಪ್ಯಾಕೆಟುಗಳು ಸಾಲಾಗಿ ನಿಂತಿರುತ್ತವೆ. ಮಲಗಿರುವವರು ಸಕ್ಕರೆ ಕಾಯಿಲೆಯ ಕಾರಣಕ್ಕೇ ದಾಖಲಾದವರಾಗಿದ್ದರೂ ಆ ಸಾಲು ಬದಲಾಗುವುದಿಲ್ಲ. ರೋಗಿಯನ್ನು ನೋಡಿ ಬರುವುದು ಪುಣ್ಯದ ಕೆಲಸ, ಅದರಲ್ಲಿ ಸಂಶಯವಿಲ್ಲ. ಆದರೆ ನಾವು ಪ್ರೀತಿಯಿಂದ ಕೊಂಡೊಯ್ಯುವ ಆ ಪ್ಯಾಕೆಟಿನೊಳಗೆ ಏನಿದೆ ಎಂದು ಎಂದಾದರೂ ಯೋಚಿಸಿದ್ದೀರಾ?

ನನಗೂ ಯೋಚನೆ ಬಂದಿರಲಿಲ್ಲ. ನನ್ನ ಉಮ್ಮನಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾದಾಗ ವೈದ್ಯರು, "ಅನ್ನ ಕಡಿಮೆ ಮಾಡಿ, ತರಕಾರಿ ಜಾಸ್ತಿ ಮಾಡಿ" ಎಂದರು. ಉಮ್ಮ ಅಕ್ಷರಶಃ ಪಾಲಿಸಿದರು. ರಾತ್ರಿಯ ಅನ್ನ ಬಿಟ್ಟು ನಾಲ್ಕು ತುಂಡು ಬ್ರೆಡ್ ತಿಂದರು. ತರಕಾರಿ ಜಾಸ್ತಿ ಮಾಡಲು ಹೇಳಿದ್ದಾರಲ್ಲ ಎಂದು ಮೀನಿನ ಬದಲು ಆಲೂಗಡ್ಡೆ ಪಲ್ಯ ಮಾಡಿಕೊಂಡರು. ಸಂಜೆ ಸಕ್ಕರೆ ಹಾಕದ ಚಹಾದಲ್ಲಿ ಎರಡು ರಸ್ಕ್ ಅದ್ದಿಕೊಂಡರು. ಮೂರು ತಿಂಗಳ ನಂತರ ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಇಳಿದಿರಲಿಲ್ಲ, ಏರಿತ್ತು. "ಇಷ್ಟು ಪಥ್ಯ ಮಾಡಿದೆನಲ್ಲ" ಎಂದು ಅವರು ಕಣ್ಣೀರು ಹಾಕಿದ್ದು ನನಗೆ ಇಂದಿಗೂ ನೆನಪಿದೆ.

ಅವರು ಪಥ್ಯ ಮಾಡಿದ್ದು ನಿಜ. ತಪ್ಪು ಇದ್ದದ್ದು ನಮ್ಮೆಲ್ಲರ ಮನೆಯಲ್ಲೂ ಬೇರೂರಿರುವ ಎರಡು ನಂಬಿಕೆಗಳಲ್ಲಿ. ಬ್ರೆಡ್ ಹಗುರವಾದ ಆಹಾರ, ಕಾಯಿಲೆಯವರಿಗೆ ಒಳ್ಳೆಯದು ಎಂಬುದು ಒಂದು. ಆಲೂಗಡ್ಡೆ ತರಕಾರಿ ಎಂಬುದು ಇನ್ನೊಂದು. ಈ ಎರಡನ್ನೂ ನಮ್ಮ ಅಡುಗೆಮನೆಯಿಂದ ಹೊರಗೆ ಕಳುಹಿಸದೆ ನಮ್ಮ ಊಟ ಸುಧಾರಿಸದು. ಆ ಸುಧಾರಣೆ ಮನೆಯ ಸಕ್ಕರೆ ರೋಗಿಗೆ ಮಾತ್ರ ಎಂದು ಇಟ್ಟುಕೊಂಡರೆ ಅದೂ ನಿಲ್ಲುವುದಿಲ್ಲ. ಇಡೀ ಕುಟುಂಬದ ಪಾತ್ರೆಯೇ ಬದಲಾಗಬೇಕು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ.

ಬಾಯಿಗೆ ಸಪ್ಪೆ, ರಕ್ತಕ್ಕೆ ಸಿಹಿ

ಬೇಕರಿಯ ಬಿಳಿ ಬ್ರೆಡ್, ಬನ್, ಪಾವ್, ರಸ್ಕ್ ಎಲ್ಲವೂ ಮೈದಾದ ಮಕ್ಕಳು. ಗೋಧಿಯ ಹೊಟ್ಟು ಮತ್ತು ಮೊಳಕೆಯ ಭಾಗವನ್ನು ತೆಗೆದು, ಒಳಗಿನ ಬಿಳಿ ಪಿಷ್ಟವನ್ನಷ್ಟೇ ನುಣ್ಣಗೆ ಬೀಸಿದರೆ ಮೈದಾ. ನಾರು, ಜೀವಸತ್ವ, ಖನಿಜಗಳ ಹೆಚ್ಚಿನ ಪಾಲು ಇದ್ದದ್ದು ತೆಗೆದು ಹಾಕಿದ ಆ ಭಾಗದಲ್ಲೇ. 100 ಗ್ರಾಂ ಗೋಧಿ ಹಿಟ್ಟಿನಲ್ಲಿ ಸುಮಾರು 11 ಗ್ರಾಂ ನಾರಿನಂಶವಿದ್ದರೆ ಮೈದಾದಲ್ಲಿ 3 ಗ್ರಾಂ ಕೂಡ ಇರುವುದಿಲ್ಲ. ನಾರು ಇಲ್ಲದ ಪಿಷ್ಟ ಹೊಟ್ಟೆಯಲ್ಲಿ ಬೇಗ ಕರಗಿ ಗ್ಲೂಕೋಸ್ ಆಗಿ ರಕ್ತಕ್ಕೆ ನುಗ್ಗುತ್ತದೆ. ಬ್ರೆಡ್ "ಹಗುರ" ಎನಿಸುವುದು, ತಿಂದ ಎರಡು ಗಂಟೆಯಲ್ಲಿ ಮತ್ತೆ ಹಸಿವಾಗುವುದು ಇದೇ ಕಾರಣಕ್ಕೆ.

ಯಾವ ಆಹಾರ ಎಷ್ಟು ಬೇಗ ರಕ್ತದ ಸಕ್ಕರೆಯನ್ನು ಏರಿಸುತ್ತದೆ ಎಂದು ಅಳೆಯಲು ಆಹಾರ ತಜ್ಞರು ಗ್ಲೈಸೆಮಿಕ್ ಸೂಚ್ಯಂಕ ಎಂಬ ಲೆಕ್ಕ ಇಟ್ಟುಕೊಂಡಿದ್ದಾರೆ. ಶುದ್ಧ ಗ್ಲೂಕೋಸಿಗೆ 100 ಅಂಕ ಕೊಟ್ಟರೆ ಬಿಳಿ ಬ್ರೆಡ್ಡಿಗೆ ಸುಮಾರು 75, ಬೇಯಿಸಿದ ಆಲೂಗಡ್ಡೆಗೆ ಸುಮಾರು 78. ಬೇಯಿಸಿದ ಗೆಣಸಿಗೆ ಸುಮಾರು 63. ಕಡಲೆಕಾಳಿಗೆ ಕೇವಲ 28ರ ಆಸುಪಾಸು. ತಳಿ, ಬೇಯಿಸುವ ವಿಧಾನ, ಜೊತೆಗೆ ತಿನ್ನುವ ಪದಾರ್ಥ ಇವುಗಳ ಮೇಲೆ ಅಂಕ ಸ್ವಲ್ಪ ಹೆಚ್ಚು ಕಡಿಮೆಯಾಗುತ್ತದೆ. ಆದರೆ 75ಕ್ಕೂ 28ಕ್ಕೂ ಇರುವ ಅಂತರ ಯಾವ ಒಲೆಯ ಮೇಲೂ ಮಾಯವಾಗುವುದಿಲ್ಲ. ನಾಲಿಗೆಗೆ ಸಪ್ಪೆ ಎನಿಸುವ ಬ್ರೆಡ್ ರಕ್ತಕ್ಕೆ ಸಿಹಿಯೇ.

ಇನ್ನು ಆಲೂಗಡ್ಡೆ. ಅದು ವಿಷವೇನಲ್ಲ. ಅದರಲ್ಲಿ ಪೊಟ್ಯಾಸಿಯಂ ಇದೆ, ಸ್ವಲ್ಪ 'ಸಿ' ಜೀವಸತ್ವವೂ ಇದೆ. ದಕ್ಷಿಣ ಅಮೆರಿಕದ ಈ ಗೆಡ್ಡೆಯನ್ನು ಪೋರ್ಚುಗೀಸರು ನಮ್ಮ ಪಶ್ಚಿಮ ಕರಾವಳಿಗೆ ತಂದರು. ಇಂದು ನಮ್ಮ ಹಾಸನ, ಚಿಕ್ಕಬಳ್ಳಾಪುರದ ರೈತರು ಅದನ್ನು ಬೆಳೆದು ಬದುಕುತ್ತಿದ್ದಾರೆ. ನನ್ನ ತಕರಾರು ಆಲೂಗಡ್ಡೆಯ ಮೇಲಲ್ಲ, ತಟ್ಟೆಯಲ್ಲಿ ಅದಕ್ಕೆ ಕೊಟ್ಟಿರುವ ಜಾಗದ ಮೇಲೆ. ಅಂಗಡಿಯಲ್ಲಿ ಅದು ತರಕಾರಿಯ ಬುಟ್ಟಿಯಲ್ಲಿರಬಹುದು. ದೇಹದ ಲೆಕ್ಕದಲ್ಲಿ ಅದು ಅನ್ನ, ರೊಟ್ಟಿಗಳ ಸಾಲಿನಲ್ಲಿ ನಿಲ್ಲುವ ಪಿಷ್ಟ. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಿ ಎಂದು ಹೇಳುವ ವಿಶ್ವ ಆರೋಗ್ಯ ಸಂಸ್ಥೆ ಆ 400 ಗ್ರಾಂನಲ್ಲಿ ಆಲೂಗಡ್ಡೆ, ಗೆಣಸು, ಮರಗೆಣಸುಗಳನ್ನು ಸೇರಿಸುವುದೇ ಇಲ್ಲ. ಹಾಗಾದರೆ ಚಪಾತಿಗೆ ಆಲೂ ಪಲ್ಯ, ಅನ್ನಕ್ಕೆ ಆಲೂ ಸಾರು, ಬಿರಿಯಾನಿಯಲ್ಲಿ ಆಲೂ, ಪಾವಿನೊಳಗೆ ಆಲೂ ಬೋಂಡಾ ಎಂದರೇನು? ಪಿಷ್ಟವನ್ನು ಪಿಷ್ಟದಲ್ಲಿ ಅದ್ದಿಕೊಂಡು ತಿಂದ ಹಾಗೆ. ತಟ್ಟೆ ತುಂಬಿದೆ, ತರಕಾರಿ ಮಾತ್ರ ಇಲ್ಲ.

ಮನೆಯಲ್ಲಿ ಯಾರಿಗೂ ಸಕ್ಕರೆ ಕಾಯಿಲೆ ಇಲ್ಲ ಎಂದು ನೀವು ನಿರಾಳವಾಗಿರಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದೊಂದಿಗೆ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಮಂದಿಗೆ ಮಧುಮೇಹವಿದೆ. ಇನ್ನೂ ಸುಮಾರು 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಹೊಸ್ತಿಲಲ್ಲಿ ನಿಂತವರಲ್ಲಿ ಹೆಚ್ಚಿನವರಿಗೆ ಯಾವ ನೋವೂ ಇರುವುದಿಲ್ಲ. ಅವರು ನಿಮ್ಮ ಮನೆಯಲ್ಲಿ ಇಲ್ಲವೆಂದು ಪರೀಕ್ಷೆ ಮಾಡಿಸದೆ ಹೇಳುವುದು ಹೇಗೆ?

ಬ್ರೌನ್ ಬ್ರೆಡ್ ಎಂಬ ಸಮಾಧಾನ

ಈ ಮಾತು ಕೇಳಿದ ಕೂಡಲೇ ಹಲವರು, "ನಾವು ಬಿಳಿ ಬ್ರೆಡ್ ಬಿಟ್ಟು ಬ್ರೌನ್ ಬ್ರೆಡ್ ತರುತ್ತೇವೆ" ಎನ್ನುತ್ತಾರೆ. ಬಣ್ಣವನ್ನು ನೋಡಬೇಡಿ, ಪ್ಯಾಕೆಟ್ ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ಓದಿ. ಯಾವ ಸಾಮಗ್ರಿ ತೂಕದಲ್ಲಿ ಹೆಚ್ಚಿದೆಯೋ ಅದನ್ನು ಮೊದಲು ಬರೆಯಬೇಕೆಂಬುದು ನಿಯಮ. ಮೊದಲ ಹೆಸರು "ರಿಫೈನ್ಡ್ ವೀಟ್ ಫ್ಲೋರ್" ಎಂದಿದ್ದರೆ ಅದು ಮೈದಾ. ಮೇಲೆ ಎಷ್ಟೇ ಗೋಧಿ ತೆನೆಯ ಚಿತ್ರ ಇರಲಿ, ಬಣ್ಣ ಕ್ಯಾರಮೆಲ್‌ನಿಂದ ಬಂದಿರುವ ಸಾಧ್ಯತೆಯಿದೆ. ಇಡೀ ಗೋಧಿಯಿಂದಲೇ ಮಾಡಿದ ಬ್ರೆಡ್ಡಿನಲ್ಲಿ ನಾರು ಹೆಚ್ಚು, ಅದು ಖಂಡಿತ ಮೇಲು. ಆದರೆ ಹಿಟ್ಟು ನುಣುಪಾಗಿದ್ದರೆ ಸಕ್ಕರೆ ಏರಿಸುವ ವೇಗದಲ್ಲಿ ಅದೂ ಬಿಳಿ ಬ್ರೆಡ್ಡಿಗಿಂತ ಬಹಳ ಹಿಂದೆ ಉಳಿಯುವುದಿಲ್ಲ. ಆದ್ದರಿಂದ ಬ್ರೆಡ್ ಬದಲು ಇನ್ನೊಂದು ಬ್ರೆಡ್ ಎಂಬುದು ನನ್ನ ಸಲಹೆಯಲ್ಲ. ಪ್ರಯಾಣದಲ್ಲಿ, ಅವಸರದಲ್ಲಿ ಅಪರೂಪಕ್ಕೊಮ್ಮೆ ತಿನ್ನುವಾಗ ಮೊಟ್ಟೆ, ಸೌತೆಕಾಯಿ, ಟೊಮೆಟೊ ಜೊತೆಗೆ ಎರಡು ತುಂಡು ತಿನ್ನಿ. ಜಾಮ್ ಬಳಿದು ಆರು ತುಂಡು ಬೇಡ.

ರಸ್ಕ್ ಬಗ್ಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕು. ಬ್ರೆಡ್ಡನ್ನು ಮತ್ತೊಮ್ಮೆ ಬೇಯಿಸಿ ಒಣಗಿಸಿದರೆ ರಸ್ಕ್. ನೀರು ಹೋಗಿದೆ, ಮೈದಾ ಉಳಿದಿದೆ, ಸಾಮಾನ್ಯವಾಗಿ ಸಕ್ಕರೆಯೂ ಎಣ್ಣೆಯೂ ಸೇರಿದೆ. ಚಹಾಕ್ಕೆ ಸಕ್ಕರೆ ಬೇಡವೆಂದು ರಸ್ಕ್ ಅದ್ದಿಕೊಳ್ಳುವುದು ಮುಂಬಾಗಿಲು ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತೆ.

ಬೆಳಗಿನ ತಿಂಡಿಗೆ ಏನು ಮಾಡೋಣ?

ಉತ್ತರ ನಮ್ಮ ನಾಡಿನಲ್ಲೇ ಇದೆ. ಕಲಬುರಗಿ, ವಿಜಯಪುರ ಕಡೆಯ ಮುಸ್ಲಿಮ್ ಮನೆಗಳಲ್ಲಿ ಜೋಳದ ರೊಟ್ಟಿ ಇಂದಿಗೂ ದಿನದ ಊಟ. ಮಂಡ್ಯ, ಕೋಲಾರ ಕಡೆಯವರಿಗೆ ರಾಗಿ ಪರಿಚಯಿಸಬೇಕಿಲ್ಲ. ಕರಾವಳಿಯವರಾದ ನಮಗೆ ಮಾತ್ರ ಅಕ್ಕಿ ಬಿಟ್ಟರೆ ಬೇಕರಿ ಎಂಬಂತಾಗಿದೆ. ಜೋಳದಲ್ಲೂ ರಾಗಿಯಲ್ಲೂ ಗೋಧಿ ಹಿಟ್ಟಿನಷ್ಟೇ ನಾರು ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮೈದಾದಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ನಲವತ್ತು ದಾಟಿದ ಸಹೋದರಿಯರು ಮಂಡಿ ನೋವಿಗೆ ಮಾತ್ರೆ ಹುಡುಕುವ ಮೊದಲು ಇದನ್ನು ನೆನಪಿಟ್ಟುಕೊಳ್ಳಿ.

ವಾರದ ಆರು ದಿನಕ್ಕೆ ಆರು ದಾರಿ ಹೇಳುತ್ತೇನೆ.

ಒಂದು, ಹೆಸರುಕಾಳಿನ ದೋಸೆ. ರಾತ್ರಿ ಕಾಳು ನೆನೆಹಾಕಿ, ಬೆಳಿಗ್ಗೆ ಶುಂಠಿ, ಹಸಿಮೆಣಸು, ಜೀರಿಗೆ ಸೇರಿಸಿ ರುಬ್ಬಿ ಹುಯ್ಯುವುದಷ್ಟೇ. ಹುಳಿ ಬರಲು ಕಾಯಬೇಕಿಲ್ಲ. ಮೇಲೆ ಈರುಳ್ಳಿ ಉದುರಿಸಿದರೆ ಮಕ್ಕಳೂ ತಿನ್ನುತ್ತಾರೆ.

ಎರಡು, ನುಗ್ಗೆಸೊಪ್ಪು ಮತ್ತು ಈರುಳ್ಳಿ ಹಾಕಿದ ರಾಗಿ ರೊಟ್ಟಿ, ಜೊತೆಗೊಂದು ಮೊಟ್ಟೆ.

ಮೂರು, ಜೋಳದ ರೊಟ್ಟಿ ಮತ್ತು ಮೊಳಕೆ ಹುರುಳಿ ಪಲ್ಯ. ರೊಟ್ಟಿ ತಟ್ಟಲು ಬಾರದವರು ಜೋಳದ ಹಿಟ್ಟನ್ನು ಕುದಿಯುವ ನೀರಿನಲ್ಲಿ ಕಲಸಿ ಲಟ್ಟಣಿಗೆಯಲ್ಲೇ ಲಟ್ಟಿಸಬಹುದು. ಅಂಚು ಹರಿದರೆ ಹರಿಯಲಿ, ಹೊಟ್ಟೆಗೆ ಗೊತ್ತಾಗುವುದಿಲ್ಲ.

ನಾಲ್ಕು, ನವಣೆ ಉಪ್ಪಿಟ್ಟು. ಬೀನ್ಸ್, ಕ್ಯಾರೆಟ್, ಬಟಾಣಿ ಸೇರಿ ತರಕಾರಿ ನವಣೆಯಷ್ಟೇ ಇರಲಿ.

ಐದು, ಕಡಲೆ ಉಸ್ಲಿ. ನೆನೆಸಿ ಬೇಯಿಸಿದ ಕಡಲೆಗೆ ಒಗ್ಗರಣೆ, ಸ್ವಲ್ಪ ತೆಂಗಿನ ತುರಿ. ಅವಲಕ್ಕಿ ಬೇಕೆನಿಸಿದರೆ ಪಕ್ಕದಲ್ಲಿ ಒಂದು ಹಿಡಿ, ಮುಖ್ಯ ತಿಂಡಿ ಕಡಲೆಯೇ.

ಆರು, ತೆಳುವಾದ ಗೋಧಿ ಚಪಾತಿ ಎರಡು, ತೊಗರಿಬೇಳೆ ಬೆರೆಸಿದ ಪಾಲಕ್ ಅಥವಾ ಹರಿವೆ ಸೊಪ್ಪು ಒಂದು ಬಟ್ಟಲು.

ಏಳನೆಯ ದಿನ ನಿಮ್ಮ ಇಷ್ಟ. ನೀರುದೋಸೆ, ಪುಂಡಿ, ಅಕ್ಕಿರೊಟ್ಟಿ ಯಾವುದಾದರೂ ಆಗಲಿ. ಆದರೆ ಒಂದು ಎಚ್ಚರಿಕೆ. ಬ್ರೆಡ್ ಬಿಟ್ಟು ದಿನವೂ ಆರು ನೀರುದೋಸೆ ತಿಂದರೆ ಸಕ್ಕರೆಯ ಲೆಕ್ಕದಲ್ಲಿ ಏನೂ ಉಳಿತಾಯವಾಗಲಿಲ್ಲ, ಅಕ್ಕಿಯೂ ಪಿಷ್ಟವೇ. ರಾಗಿಗೂ ಇದೇ ಮಾತು. ನುಣ್ಣಗೆ ಬೀಸಿದ ರಾಗಿ ಹಿಟ್ಟನ್ನು ತೆಳ್ಳಗೆ ಗಂಜಿ ಮಾಡಿ ಬೆಲ್ಲ ಹಾಕಿ ಕುಡಿದರೆ ಅದೂ ಬೇಗನೆ ರಕ್ತಕ್ಕೆ ಸೇರುತ್ತದೆ. ರಾಗಿ ಎಂದ ಮಾತ್ರಕ್ಕೆ ಅಳತೆ ಇಲ್ಲದೆ ತಿನ್ನಬಹುದು ಎಂಬುದು ಇತ್ತೀಚಿನ ಹೊಸ ಮೂಢನಂಬಿಕೆ. ರೊಟ್ಟಿ ಎರಡು, ಜೊತೆಗೆ ಕಾಳು ಮತ್ತು ಸೊಪ್ಪು ಎಂಬ ಜೋಡಿಯಲ್ಲಿ ಗುಣವಿದೆ.

ಸಾರಿನ ಪಾತ್ರೆಯಲ್ಲಿ ಆಲೂಗಡ್ಡೆಯ ಜಾಗಕ್ಕೆ

ನಮ್ಮಲ್ಲಿ ಆಲೂಗಡ್ಡೆ ಹೆಚ್ಚು ಬಳಕೆಯಾಗುವುದು ಮಾಂಸದ ಪಾತ್ರೆಯಲ್ಲಿ. ಅರ್ಧ ಕಿಲೋ ಮಟನ್ ಎಂಟು ಜನರಿಗೆ ಸಾಲಬೇಕಾದರೆ ಆಲೂಗಡ್ಡೆ ಹಾಕಿ ಹಿಗ್ಗಿಸುವುದು ಅಮ್ಮಂದಿರ ಜಾಣತನ. ಅದನ್ನು ಹಂಗಿಸಲು ನನಗೆ ಮನಸ್ಸಿಲ್ಲ. ಆದರೆ ಹಿಗ್ಗಿಸಲು ಬೇರೆ ದಾರಿಗಳೂ ಇವೆ, ಅವೂ ನಮ್ಮವೇ. ನಮ್ಮ ಮದುವೆಮನೆಗಳ ದಾಲ್ಚಾ ನೆನಪಿಸಿಕೊಳ್ಳಿ. ಬೇಳೆ, ಸೋರೆಕಾಯಿ, ನಾಲ್ಕು ತುಂಡು ಮಾಂಸ. ಇಡೀ ಪಂಕ್ತಿಗೆ ಸಾಕಾಗುತ್ತದೆ, ಯಾರೂ ಆಲೂಗಡ್ಡೆ ಎಲ್ಲಿ ಎಂದು ಕೇಳುವುದಿಲ್ಲ. ಮಟನ್ ಸಾರಿಗೆ ಸೋರೆಕಾಯಿ, ಸೀಮೆಬದನೆ, ಮೂಲಂಗಿ, ಎಳೆ ಪಪ್ಪಾಯಿ ಒಗ್ಗುತ್ತವೆ. ಕೋಳಿಗೆ ಪಾಲಕ್, ಮೆಂತೆಸೊಪ್ಪು, ಹೂಕೋಸು ಒಗ್ಗುತ್ತವೆ. ಒಣ ಸಿಗಡಿಗೆ ಬಸಳೆ ಇದೆ. ಬಿರಿಯಾನಿಗೆ ಆಲೂಗಡ್ಡೆ ಬೇಕೇ ಬೇಕು ಎಂಬುದು ಹಟವಷ್ಟೇ, ಆ ಜಾಗಕ್ಕೆ ಬೇಯಿಸಿದ ಮೊಟ್ಟೆ ಇಡಿ.

ಕಟ್ಲೆಟ್‌ಗೆ ಅಂಟು ಬರಲು ಆಲೂಗಡ್ಡೆ ಬೇಕಲ್ಲ ಎಂದು ಕೇಳುತ್ತೀರಿ. ಶಾಮಿ ಕಬಾಬ್ ಏನು ಹಾಕಿ ಮಾಡುತ್ತೀರಿ? ಕೀಮಾ ಜೊತೆ ಕಡಲೆಬೇಳೆ. ಅದೇ ಬೇಳೆ ನಿಮ್ಮ ತರಕಾರಿ ಕಟ್ಲೆಟ್ಟನ್ನೂ ಹಿಡಿದು ನಿಲ್ಲಿಸುತ್ತದೆ. ಸಮೋಸಾದೊಳಗೆ ಹೆಸರುಕಾಳು, ಎಲೆಕೋಸು, ಈರುಳ್ಳಿ ಬೆರೆಸಿದ ಕೀಮಾ ತುಂಬಬಹುದು.

ಸುವರ್ಣಗೆಡ್ಡೆ, ಕೆಸುವಿನ ಗೆಡ್ಡೆ, ಗೆಣಸು, ಜೀಗುಜ್ಜೆ ಇವುಗಳನ್ನೂ ಹಲವರು ಬದಲಿಯಾಗಿ ಹೇಳುತ್ತಾರೆ. ಇವು ಒಳ್ಳೆಯವೇ, ನಾರು ಇದೆ, ಊರಿನದೇ ಬೆಳೆ. ಆದರೆ ಇವೂ ಪಿಷ್ಟದ ಸಾಲಿನವು. ಇವು ತಟ್ಟೆಯಲ್ಲಿದ್ದ ದಿನ ಅನ್ನ ಅಥವಾ ರೊಟ್ಟಿ ಅಷ್ಟು ಕಡಿಮೆಯಾಗಬೇಕು. ಆಲೂಗಡ್ಡೆ ತಿನ್ನುವ ದಿನಕ್ಕೂ ಇದೇ ಲೆಕ್ಕ. ಕರಿಯಬೇಡಿ, ಸಿಪ್ಪೆ ಸಹಿತ ಬೇಯಿಸಿ. ಬೇಯಿಸಿ ತಣಿಸಿದ ಆಲೂಗಡ್ಡೆಯಲ್ಲಿ ಪಿಷ್ಟದ ಒಂದು ಭಾಗ ಬೇಗ ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ. ಹಾಗೆ ತಣಿಸಿ ಮೊಸರು, ಸೌತೆಕಾಯಿ ಬೆರೆಸಿ ತಿಂದರೆ ಬಿಸಿ ಬಿಸಿ ಬೋಂಡಾಕ್ಕಿಂತ ಎಷ್ಟೋ ಮೇಲು.

ಎಷ್ಟು ಎಂದು ಅಳೆಯಲು ತಕ್ಕಡಿ ಬೇಡ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಪರಿಷ್ಕೃತ ಆಹಾರ ಮಾರ್ಗಸೂಚಿ ಹೊರತಂದಿದೆ. ಅದರ ಸಾರವನ್ನು ತಟ್ಟೆಯ ಭಾಷೆಯಲ್ಲಿ ಹೇಳುವುದಾದರೆ, ತಟ್ಟೆಯ ಅರ್ಧ ಭಾಗ ತರಕಾರಿ ಮತ್ತು ಹಣ್ಣಿನದು. ಉಳಿದರ್ಧದಲ್ಲಿ ಧಾನ್ಯ, ಕಾಳು, ಮಾಂಸ, ಮೊಟ್ಟೆ, ಮೊಸರು. ದಿನದ ಶಕ್ತಿಯಲ್ಲಿ ಧಾನ್ಯಗಳ ಪಾಲು ನೂರಕ್ಕೆ 45 ದಾಟದಿರಲಿ ಎನ್ನುತ್ತದೆ ಅದು. ನಿಮ್ಮ ಇಂದಿನ ರಾತ್ರಿಯ ತಟ್ಟೆಯನ್ನು ಒಮ್ಮೆ ಇದರ ಪಕ್ಕದಲ್ಲಿಟ್ಟು ನೋಡಿ.

ಉಪವಾಸ ತೊರೆಯುವ ಹೊತ್ತು

ರಮಝಾನ್ ತಿಂಗಳಲ್ಲಿ ಬ್ರೆಡ್ ಮತ್ತು ಆಲೂಗಡ್ಡೆ ನಮ್ಮ ಮನೆಯಲ್ಲಿ ಮೆರವಣಿಗೆ ಹೊರಡುತ್ತವೆ. ಬ್ರೆಡ್ ರೋಲ್, ಆಲೂ ಸಮೋಸಾ, ಬೋಂಡಾ, ಕಟ್ಲೆಟ್. ಹದಿಮೂರು ಹದಿನಾಲ್ಕು ಗಂಟೆ ಖಾಲಿಯಿದ್ದ ಹೊಟ್ಟೆಗೆ ಮೊದಲು ಬೀಳುವುದು ಎಣ್ಣೆಯಲ್ಲಿ ಮುಳುಗಿದ ಪಿಷ್ಟ. ತರಾವೀಹ್‌ಗೆ ನಿಂತಾಗ ಎದೆಯುರಿ, ತೂಕಡಿಕೆ. ತಿಂಗಳ ಕೊನೆಗೆ ತೂಕ ಹೆಚ್ಚಾಯಿತೆಂಬ ದೂರು. ಉಪವಾಸದ ಆರೋಗ್ಯ ಲಾಭದ ಬಗ್ಗೆ ಮಾತನಾಡುವ ನಾವು ಸೂರ್ಯಾಸ್ತದ ನಂತರದ ಅರ್ಧ ಗಂಟೆಯಲ್ಲಿ ಅದನ್ನು ಕಳೆದುಕೊಳ್ಳುತ್ತೇವೆ.

ಖರ್ಜೂರ, ನೀರು, ಒಂದು ಬಟ್ಟಲು ಹಣ್ಣು, ಒಂದು ಬಟ್ಟಲು ಕಡಲೆ ಉಸ್ಲಿ ಇಷ್ಟರಿಂದ ಆರಂಭಿಸಿ. ನಮಾಝ್ ಮುಗಿಸಿ ಊಟ ಮಾಡಿ. ಗಂಜಿ ಮಾಡುವವರು ಅಕ್ಕಿಯ ಅರ್ಧ ಭಾಗಕ್ಕೆ ನವಣೆ ಅಥವಾ ಜವೆಗೋಧಿಯ ನುಚ್ಚು ಹಾಕಿ, ಮೆಂತೆ ಹೇಗೂ ಇದ್ದೇ ಇರುತ್ತದೆ. ನುಚ್ಚು ಗೋಧಿ, ಬೇಳೆ, ಮಾಂಸ ಸೇರಿಸಿ ನಿಧಾನ ಬೇಯಿಸಿದ ಹಲೀಮ್ ಕೂಡ ತುಪ್ಪ ಮಿತಿಯಲ್ಲಿದ್ದರೆ ಬ್ರೆಡ್ ರೋಲ್‌ಗಿಂತ ಒಳ್ಳೆಯ ಊಟ. ಕರಿದದ್ದು ಬೇಕೇ ಬೇಕೆಂದರೆ ವಾರಕ್ಕೊಮ್ಮೆ ಇರಲಿ. ಸಹ್ರಿಗೆ ಬ್ರೆಡ್ ಚಹಾ ಬೇಡ, ಬೆಳಿಗ್ಗೆ ಹತ್ತಕ್ಕೇ ಹಸಿವಾಗುತ್ತದೆ. ರಾಗಿ ಅಥವಾ ಜೋಳದ ರೊಟ್ಟಿ, ಮೊಟ್ಟೆ, ಮೊಸರು ಮಧ್ಯಾಹ್ನದವರೆಗೂ ಕೈಹಿಡಿಯುತ್ತವೆ.

ರೊಟ್ಟಿ ತಟ್ಟುವವರು ಯಾರು?

ಇಷ್ಟು ಹೇಳಿದ ಮೇಲೆ ಕಷ್ಟದ ಪ್ರಶ್ನೆಗೆ ಬರುತ್ತೇನೆ. ಬ್ರೆಡ್ ನಮ್ಮ ಮನೆಯೊಳಗೆ ಬಂದದ್ದು ರುಚಿಯ ಬಲದಿಂದಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಮಕ್ಕಳ ಶಾಲೆ, ಮದ್ರಸ, ಗಂಡನ ಡಬ್ಬಿ, ಅತ್ತೆಯ ಮಾತ್ರೆ ಎಲ್ಲವನ್ನೂ ಒಬ್ಬಳೇ ನೋಡಿಕೊಳ್ಳುವ ಹೆಣ್ಣಿಗೆ ಅದು ಎರಡು ನಿಮಿಷದ ಬಿಡುವು ಕೊಟ್ಟಿತು. ಆಲೂಗಡ್ಡೆಯೂ ಹಾಗೆಯೇ. ಕೆಡುವುದಿಲ್ಲ, ಅಗ್ಗ, ಯಾವ ಮಗುವೂ ಬೇಡ ಎನ್ನುವುದಿಲ್ಲ. ಈ ಸತ್ಯ ಒಪ್ಪಿಕೊಳ್ಳದೆ "ಬ್ರೆಡ್ ಬಿಡಿ" ಎಂದು ಬರೆಯುವುದು ಸುಲಭ.

ನನ್ನ ಉಮ್ಮ ಬ್ರೆಡ್ಡಿಗೆ ಹೋದದ್ದು ಏಕೆಂದು ನನಗೆ ತಡವಾಗಿ ಅರ್ಥವಾಯಿತು. ವೈದ್ಯರು ಎರಡನೇ ಸಲ ವಿವರಿಸಿ ಹೇಳಿದ ಮೇಲೂ ಅವರ ಪಥ್ಯ ಒಂದು ತಿಂಗಳಿಗಿಂತ ಹೆಚ್ಚು ನಡೆಯಲಿಲ್ಲ. ನಮಗೆಲ್ಲ ಪರೋಟ, ಆಲೂ ಸಾರು ಮಾಡಿ, ಬಡಿಸಿ, ಪಾತ್ರೆ ತೊಳೆದು, ಕೊನೆಗೆ ತನಗೊಬ್ಬಳಿಗೆ ಎರಡು ರಾಗಿ ರೊಟ್ಟಿ ತಟ್ಟಿಕೊಳ್ಳಬೇಕಿತ್ತು. ದಣಿದ ದಿನ ಒಲೆ ಮತ್ತೆ ಹಚ್ಚಲು ಮನಸ್ಸಾಗದೆ ಡಬ್ಬದಿಂದ ಬ್ರೆಡ್ ತೆಗೆಯುತ್ತಿದ್ದರು. ದಣಿಯದ ದಿನಗಳು ಕಡಿಮೆ ಇದ್ದವು. ಅವರಿಗೆ ಮನೋಬಲ ಇಲ್ಲವೆಂದು ನಾವು ಗದರಿದ್ದೂ ಉಂಟು. ನಿಜವಾಗಿ ಅವರಿಗೆ ಇಲ್ಲದೆ ಹೋದದ್ದು ಜೊತೆಗೆ ತಿನ್ನುವವರು.

ಒಂದೇ ಮನೆಯಲ್ಲಿ ಎರಡು ಅಡುಗೆ ಹೆಚ್ಚು ದಿನ ನಡೆಯುವುದಿಲ್ಲ. ಅದರಲ್ಲೂ ಕಾಯಿಲೆಯವರೇ ಅಡುಗೆ ಮಾಡುವವರಾಗಿದ್ದರೆ ನಡೆಯುವುದೇ ಇಲ್ಲ. ಉಪ್ಪ ಒಂದು ದಿನ, "ನಮಗೂ ಅದೇ ಹಾಕು" ಎಂದರು. ಆ ದಿನದಿಂದ ಮನೆಯಲ್ಲಿ ಒಂದೇ ಪಾತ್ರೆ. ತಮ್ಮ ಕಾಳು ನೆನೆಹಾಕುವುದನ್ನು ಕಲಿತ, ನಾನು ಸೊಪ್ಪು ಸೋಸುವುದನ್ನು ವಹಿಸಿಕೊಂಡೆ. ಮೊದಲ ಎರಡು ವಾರ ಎಲ್ಲರೂ ಗೊಣಗಿದೆವು. ಮುಂದಿನ ರಕ್ತ ಪರೀಕ್ಷೆಯಲ್ಲಿ ಉಮ್ಮನ ಸಕ್ಕರೆ ಇಳಿದಿತ್ತು. ಮಾತ್ರೆ ನಿಂತಿಲ್ಲ, ಇಂದಿಗೂ ತೆಗೆದುಕೊಳ್ಳುತ್ತಾರೆ. ಆಹಾರ ಬದಲಿಸಿದರೆ ಮಾತ್ರೆ ಬೇಡ ಎಂದು ನಾನು ಹೇಳುತ್ತಿಲ್ಲ. ಮಾತ್ರೆಯ ಕೆಲಸವನ್ನು ನಮ್ಮ ಬ್ರೆಡ್ ದಿನವೂ ಕೆಡಿಸುತ್ತಿತ್ತು, ಅದು ನಿಂತಿತು.

ಗಂಡಸರಿಗೆ ಮತ್ತು ಗಂಡುಮಕ್ಕಳಿಗೆ ನನ್ನ ವಿನಂತಿ ಇಷ್ಟೇ. ರಾತ್ರಿ ಮಲಗುವ ಮುನ್ನ ಒಂದು ಲೋಟ ಕಾಳು ತೊಳೆದು ನೆನೆಹಾಕಲು ಎರಡು ನಿಮಿಷ ಸಾಕು. ಅದನ್ನು ನೀವು ಮಾಡಿ. ಸಂತೆಯಿಂದ ಬರುವಾಗ ಎರಡು ಕಿಲೋ ಆಲೂಗಡ್ಡೆಯ ಬದಲು ಅರ್ಧ ಕಿಲೋ ತಂದು, ಉಳಿದ ಹಣಕ್ಕೆ ಸೊಪ್ಪು, ಸೋರೆಕಾಯಿ ತನ್ನಿ. ತಟ್ಟೆಗೆ ಬಂದದ್ದನ್ನು ಹೆಸರಿಡದೆ ತಿನ್ನಿ. ಮಕ್ಕಳು ನಿಮ್ಮ ಮುಖ ನೋಡಿಯೇ ತಮ್ಮ ಮುಖ ಸಿಂಡರಿಸುವುದು. ಹಣದ ಲೆಕ್ಕದಲ್ಲೂ ಹೆದರಬೇಕಿಲ್ಲ. ದಿನವೂ ಬೇಕರಿಗೆ ಕೊಡುವ ಚಿಲ್ಲರೆಯನ್ನು ಒಂದು ವಾರ ಡಬ್ಬದಲ್ಲಿ ಹಾಕಿಡಿ, ಅದರಲ್ಲಿ ಎಷ್ಟು ಕಡಲೆ, ಎಷ್ಟು ಹೆಸರು ಬರುತ್ತದೆ ಎಂದು ನೀವೇ ನೋಡಿ.

ಕೆಲವರು ಎಚ್ಚರಿಕೆಯಿಂದ ಹೆಜ್ಜೆ ಇಡಬೇಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಅನ್ನ, ಬ್ರೆಡ್‌ಗಳನ್ನು ಒಮ್ಮೆಲೇ ಕಡಿಮೆ ಮಾಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಬೆವರು, ನಡುಕ, ತಲೆಸುತ್ತು ಅದರ ಸೂಚನೆ. ವೈದ್ಯರಿಗೆ ತಿಳಿಸಿ, ಮಾತ್ರೆಯ ಪ್ರಮಾಣ ಕೇಳಿಕೊಂಡು ಬದಲಾಯಿಸಿ. ಮೂತ್ರಪಿಂಡದ ತೊಂದರೆ ಇರುವವರಿಗೆ ಕಾಳು, ಸೊಪ್ಪು ಎಷ್ಟು ಎಂಬುದನ್ನು ಅವರ ವೈದ್ಯರೇ ಹೇಳಬೇಕು. ಓಡಾಡಿ ಬೆಳೆಯುವ ಮಕ್ಕಳಿಗೆ ಬೇಯಿಸಿದ ಆಲೂಗಡ್ಡೆಯನ್ನು ಪೂರ್ತಿ ನಿಲ್ಲಿಸುವ ಅಗತ್ಯವಿಲ್ಲ. ನಿಲ್ಲಿಸಬೇಕಾದದ್ದು ಚಿಪ್ಸ್ ಪ್ಯಾಕೆಟು.

ಜರಡಿ ಹಿಡಿಯದ ಹಿಟ್ಟು

ಪ್ರವಾದಿ(ಸ)ರ ಕಾಲದ ಊಟದ ಬಗ್ಗೆ ಬುಖಾರಿಯಲ್ಲಿ ಬರುವ ಒಂದು ವರದಿಯನ್ನು ನಮ್ಮಲ್ಲಿ ಹಲವರು ಕೇಳಿರಬಹುದು. ಅಂದು ಮದೀನಾದಲ್ಲಿ ಜರಡಿ ಹಿಡಿದ ಬಿಳಿ ಹಿಟ್ಟು ಇರಲಿಲ್ಲ. ಜವೆಗೋಧಿಯನ್ನು ಬೀಸಿ, ಊದಿದಾಗ ಹಾರಿಹೋಗುವಷ್ಟು ಹೊಟ್ಟು ಹೋಗಲಿ ಎಂದು ಬಿಟ್ಟು, ಉಳಿದದ್ದನ್ನು ಕಲಸಿ ತಿನ್ನುತ್ತಿದ್ದರು ಎಂದು ಒಬ್ಬ ಸಹಾಬಿ ವಿವರಿಸುತ್ತಾರೆ. ಅವರಿಗೆ ಅದು ಆರೋಗ್ಯದ ಯೋಜನೆಯಾಗಿರಲಿಲ್ಲ, ಇದ್ದ ಬದುಕು ಅದು. ನಮಗೆ ಜರಡಿ ಬಂತು, ಗಿರಣಿ ಬಂತು, ಬೇಕರಿ ಬಂತು. ಹಿಟ್ಟು ಬೆಳ್ಳಗಾದಷ್ಟೂ ಮನೆಯ ಅಂತಸ್ತು ಏರಿತು ಎಂದುಕೊಂಡೆವು. ಅಜ್ಜಿಯಂದಿರ ರಾಗಿ ಜೋಳಗಳಿಗೆ ಬಡವರ ಊಟ ಎಂಬ ಹೆಸರಿಟ್ಟೆವು. ಭಾರತದ ಪ್ರಸ್ತಾಪದ ಮೇಲೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಘೋಷಿಸಿದಾಗ ಅವು ದುಬಾರಿ ಪ್ಯಾಕೆಟುಗಳಲ್ಲಿ ಮರಳಿ ಬಂದವು. ಪ್ಯಾಕೆಟ್ ಬೇಡ, ಗಿರಣಿಗೆ ಒಯ್ದು ಬೀಸಿಸಿಕೊಂಡ ಹಿಟ್ಟು ಸಾಕು.

ಎಲ್ಲವನ್ನೂ ನಾಳೆಯೇ ಬದಲಾಯಿಸಬೇಡಿ. ಈ ವಾರ ಎರಡು ಕೆಲಸ ಮಾಡಿ. ಮೂರು ದಿನ ಬೆಳಗಿನ ಬ್ರೆಡ್ಡಿನ ಜಾಗಕ್ಕೆ ಕಾಳಿನ ತಿಂಡಿ ಮಾಡಿ, ಮನೆಯವರೆಲ್ಲ ಅದನ್ನೇ ತಿನ್ನಿ. ಮೂರು ದಿನ ಸಾರಿನ ಆಲೂಗಡ್ಡೆಯ ಜಾಗಕ್ಕೆ ಸೋರೆಕಾಯಿಯನ್ನೋ ಸೊಪ್ಪನ್ನೋ ಹಾಕಿ. ಹಾಗೆಯೇ ಮುಂದಿನ ಸಲ ಆಸ್ಪತ್ರೆಗೆ ಹೊರಟಾಗ ಬೇಕರಿಯ ಮುಂದೆ ಗಾಡಿ ನಿಲ್ಲಿಸಬೇಡಿ. ರೋಗಿಗೆ ಏನು ಕೊಡಬಹುದೆಂದು ಮನೆಯವರಿಗೆ ಫೋನ್ ಮಾಡಿ ಕೇಳಿ. ಎರಡು ಬೇಯಿಸಿದ ಮೊಟ್ಟೆಯೋ, ಒಂದು ಡಬ್ಬಿ ಹೆಸರುಕಾಳಿನ ಉಸ್ಲಿಯೋ, ನಾಲ್ಕು ಪೇರಳೆ ಹಣ್ಣೋ ಒಯ್ಯಿರಿ. ಜೊತೆಗೆ ಕುಳಿತಿರುವ ಆ ಮನೆಯ ಹೆಂಗಸಿಗೂ ಒಂದು ಡಬ್ಬಿ ಇರಲಿ. ಬೆಳಗಿನಿಂದ ಅವರು ಬ್ರೆಡ್ ಚಹಾದಲ್ಲೇ ಇದ್ದಿರುತ್ತಾರೆ.